ತಡವಾಗಿ ಮರಳಿದ ಸಿಡಿ: ಇದನ್ನು ನೋಡಬೇಕೋ, ಅದನ್ನೋ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹನ್ನೊಂದು ವರ್ಷ ನಾನು ಸಿಡಿ ಬಾಡಿಗೆ ಅಂಗಡಿ ಇಟ್ಟಿದ್ದೆ. ದಿನಕ್ಕೆ ಹತ್ತು ರೂಪಾಯಿ, ತಡವಾದರೆ ಇನ್ನೂ ಐದು. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ಕವರ್, ಚಾರ್ಜರ್, ಇಯರ್‌ಫೋನ್ ಮಾರುತ್ತೇನೆ. ಸರಕು ಬದಲಾಯಿತು, ಗಿರಾಕಿಯ ಪ್ರಶ್ನೆ ಬದಲಾಗಲಿಲ್ಲ. ಕವರಿನ ಬಣ್ಣ ಆರಿಸುತ್ತಲೇ ಕೇಳುತ್ತಾರೆ: "ಅಣ್ಣ, ಇವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ಇದ್ದೇವೆ. ಇವೆರಡರಲ್ಲಿ ಯಾವುದನ್ನು ನೋಡಲಿ?"

ಈ ಪ್ರಶ್ನೆಗೆ ಉತ್ತರಿಸಲು ನನ್ನ ಬಳಿ ಒಂದೇ ಅಳತೆಗೋಲು ಇದೆ. ಸಿಡಿ ಒಯ್ಯುವಾಗ ಗಿರಾಕಿ ನಾಯಕನ ಹೆಸರು ಹೇಳುತ್ತಾನೆ. ಮರಳಿಸುವಾಗ ನಿಜ ಹೇಳುತ್ತಾನೆ. ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವ ಮೊದಲೇ ಬಂದು ನಿಂತ ಸಿಡಿ ಎಂದರೆ ಅರ್ಧಕ್ಕೇ ನಿಂತುಹೋದ ಸಿನಿಮಾ. ಮೂರನೆಯ ದಿನ ದಂಡ ಕೊಟ್ಟು, ತುಸು ನಾಚಿಕೊಂಡು ಮರಳಿಸಿದ್ದು ಎಂದರೆ ಮನೆಮಂದಿ ಎರಡನೇ ಸಲ ನೋಡಿದ್ದು, ಅಥವಾ ಪಕ್ಕದ ಮನೆಗೂ ದಾಟಿಸಿದ್ದು. ಪತ್ರಿಕೆಯಲ್ಲಿ ನಾಲ್ಕು ನಕ್ಷತ್ರ ಪಡೆದ ಎಷ್ಟೋ ಚಿತ್ರಗಳು ನನ್ನ ಅಂಗಡಿಗೆ ಮುಂಜಾನೆಯೇ ಮರಳಿದ್ದವು. ಸಿಡಿ ಕಾಲ ಮುಗಿದ ಮೇಲೆ ಬಂದ ಚಿತ್ರಗಳನ್ನೂ ನಾನು ಹೀಗೆಯೇ ಅಳೆಯುತ್ತೇನೆ: ಇದು ಸಿಡಿಯಲ್ಲಿ ಬಂದಿದ್ದರೆ ನನಗೆ ದಂಡ ಸಿಗುತ್ತಿತ್ತೇ?

ಕೆಳಗೆ ಬರೆದಿರುವುದೆಲ್ಲ ನನ್ನ ಸ್ವಂತ ಅಭಿಪ್ರಾಯ. ಯಾವ ಚಿತ್ರ ಯಾವ ಆ್ಯಪ್‌ನಲ್ಲಿದೆ ಎಂದು ಮಾತ್ರ ಕೇಳಬೇಡಿ. ಅವು ಬಾಡಿಗೆದಾರರ ಹಾಗೆ ಆಗಾಗ ಮನೆ ಬದಲಿಸುತ್ತವೆ.

ಸಾವಿನ ಮನೆಯ ಎರಡು ಕಥೆಗಳು: "ತಿಥಿ"ಯೋ, "ಬಲಗಂ"ಓ?

ನಮ್ಮ ಊರಿನವರಿಗೆ ಮೊದಲು ಹೇಳಬೇಕಾದದ್ದು ಈ ಜೋಡಿಯ ಬಗ್ಗೆಯೇ. ಒಂದು ಕನ್ನಡದ್ದು, ಒಂದು ತೆಲುಗಿನದು. ಬಳ್ಳಾರಿಯಲ್ಲಿ ಈ ಎರಡರ ನಡುವಿನ ಗೋಡೆ ಅಷ್ಟು ಎತ್ತರದ್ದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತು. ಅದೇ ದಿನ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಗಡಿ ಎಳೆದವರು ಮನೆಯೊಳಗಿನ ಮಾತನ್ನು ಎರಡಾಗಿ ಸೀಳಲಿಲ್ಲ. ನನ್ನ ಅಂಗಡಿಯಲ್ಲಿಯೂ ಎಡಗಡೆಯ ಕಪಾಟು ಕನ್ನಡ, ಬಲಗಡೆಯದು ತೆಲುಗು, ಗಿರಾಕಿಗಳು ನಡುವೆ.

ರಾಮ್ ರೆಡ್ಡಿ ನಿರ್ದೇಶಿಸಿದ "ತಿಥಿ" 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಹಿಂದೆಂದೂ ಬಣ್ಣ ಹಚ್ಚದ ಊರ ಜನರನ್ನೇ ಇಟ್ಟುಕೊಂಡು ತೆಗೆದ ಚಿತ್ರ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಅವನ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಎಂಬುದೇ ಕಥೆ. ಮಗ ಗಡ್ಡಪ್ಪನಿಗೆ ಬ್ರಾಂದಿಯ ಬಾಟಲಿ, ಅಲೆದಾಟ ಬಿಟ್ಟರೆ ಯಾವುದರ ಹಂಗೂ ಇಲ್ಲ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಮರಿಮಗನ ಕಣ್ಣು ಕುರಿ ಕಾಯುವ ಹುಡುಗಿಯ ಮೇಲೆ.

"ಬಲಗಂ" 2023ರ ತೆಲುಗು ಚಿತ್ರ. ನಿರ್ದೇಶಕ ವೇಣು ಯೆಲ್ದಂಡಿ. ತೆಲಂಗಾಣದ ಹಳ್ಳಿಯಲ್ಲಿ ಕೊಮುರಯ್ಯ ಎಂಬ ಅಜ್ಜ ಸಾಯುತ್ತಾನೆ. ಸಾಲದಲ್ಲಿ ಮುಳುಗಿ, ಮದುವೆಗೆ ಸಿಗಬೇಕಾದ ಹಣವನ್ನೇ ನಂಬಿ ಕುಳಿತ ಮೊಮ್ಮಗನಿಗೆ ಈ ಸಾವು ಅಡ್ಡ ಬರುತ್ತದೆ. ವರ್ಷಗಳ ಹಿಂದೆ ಬಾಡೂಟದಲ್ಲಿ ನಲ್ಲಿ ಮೂಳೆಯ, ಅಂದರೆ ಒಳಗೆ ಮಜ್ಜೆಯಿರುವ ಮೂಳೆಯ, ವಿಷಯಕ್ಕೆ ಮುನಿಸಿಕೊಂಡು ಹೋದ ಅಳಿಯ ಈಗ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಎಡೆ ಇಟ್ಟರೆ ಕಾಗೆ ಮುಟ್ಟುವುದಿಲ್ಲ.

ಕಾಗೆ ಮುಟ್ಟದಿರುವುದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ದೊಡ್ಡಪ್ಪನ ದಿನ ಮಾಡಿದಾಗ ಎಡೆ ಇಟ್ಟು ನಾವೆಲ್ಲ ಬೇವಿನ ಮರದ ನೆರಳಿನಲ್ಲಿ ಒಂದೂವರೆ ಗಂಟೆ ನಿಂತಿದ್ದೆವು. ಮೊದಲ ಹತ್ತು ನಿಮಿಷ ಎಲ್ಲರಲ್ಲಿಯೂ ಭಕ್ತಿಯಿತ್ತು. ಆಮೇಲೆ "ಯಾರ ಮೇಲೆ ಸಿಟ್ಟು ಇಟ್ಟುಕೊಂಡು ಹೋದರೋ" ಎಂದು ಚಿಕ್ಕಮ್ಮ ಶುರು ಮಾಡಿದರು. ಅಲ್ಲಿಂದ ಹೊಲದ ಪಾಲು, ಬಂಗಾರದ ಸರ, ಆಸ್ಪತ್ರೆಯ ಖರ್ಚು ಎಲ್ಲವೂ ಎಡೆಯ ಸುತ್ತಲೇ ಹೊರಬಂದವು. ಕೊನೆಗೆ ಯಾರೋ ಒಂದು ಕಟ್ಟು ಬೀಡಿ ತಂದಿಟ್ಟರು. ಕಾಗೆ ಬಂತು, ಬೀಡಿಗಾಗಿ ಬಂತೋ, ನಾವು ಜಗಳವಾಡುತ್ತಾ ದೂರ ಸರಿದಿದ್ದರಿಂದ ಬಂತೋ ಗೊತ್ತಿಲ್ಲ. "ಬಲಗಂ" ನೋಡುವಾಗ ನನಗೆ ಆ ಬೇವಿನ ಮರವೇ ಕಣ್ಣ ಮುಂದೆ ಇತ್ತು.

ಹಾಗಾದರೆ ಯಾವುದು? ಮನೆಯವರೆಲ್ಲ ಕೂತು ನೋಡುವುದಾದರೆ, ಅದರಲ್ಲೂ ಅಣ್ಣತಮ್ಮಂದಿರ ಮಧ್ಯೆ ಮಾತು ನಿಂತಿರುವ ಮನೆಯಾದರೆ, "ಬಲಗಂ". ಕೊನೆಯಲ್ಲಿ ಬುರ್ರಕಥೆಯವರು ಬಂದು ಸತ್ತವನ ಪರವಾಗಿ ಹಾಡುತ್ತಾರೆ. ಹಾಡಿದ ದಂಪತಿ ನಿಜಕ್ಕೂ ಬುಡ್ಗ ಜಂಗಮ ಸಮುದಾಯದ ಕಲಾವಿದರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರನ್ನು ಕೇಳಿದ ಬಳ್ಳಾರಿಯವರಿಗೆ ಆ ದನಿಯ ಜಾತಕ ಗೊತ್ತಿರುತ್ತದೆ: ಕಥೆ ಹೇಳುತ್ತಲೇ ನಿಮ್ಮ ಮನೆಯ ಒಳಕೋಣೆಗೆ ನುಗ್ಗುವ ದನಿ ಅದು. ಅಳು ತರಿಸುವುದಕ್ಕೆಂದೇ ಹೆಣೆದ ಚಿತ್ರ ಎಂಬ ಆಕ್ಷೇಪ ಸರಿಯೇ. ನಡುವಿನ ಪ್ರೇಮಕಥೆಯಂತೂ ಹಾಡಿಗೆ ಜಾಗ ಮಾಡಿಕೊಡಲು ಬಂದಂತಿದೆ. ಆದರೂ ಈ ಸಿಡಿ ತಡವಾಗಿಯೇ ಬರುತ್ತಿತ್ತು.

ಒಬ್ಬರೇ ನೋಡುವುದಾದರೆ ಅಥವಾ ನಿಮಗೆ ಅಳುವುದಕ್ಕಿಂತ ಒಳಗೊಳಗೇ ನಗುವುದು ಇಷ್ಟವಾದರೆ "ತಿಥಿ". ಅದು ಯಾರಿಗೂ ಬುದ್ಧಿ ಹೇಳುವುದಿಲ್ಲ, ಯಾರನ್ನೂ ತಬ್ಬಿಸಿ ಅಳಿಸುವುದಿಲ್ಲ. ಗಡ್ಡಪ್ಪ ರಾತ್ರಿ ಕುರಿಗಾಹಿಗಳ ಬೆಂಕಿಯ ಪಕ್ಕ ಕೂತು ತನ್ನ ಬದುಕಿನ ಕಥೆ ಹೇಳುವ ಒಂದು ದೃಶ್ಯವಿದೆ. ದನಿ ಏರದೆ, ಹಿನ್ನೆಲೆ ಸಂಗೀತದ ಊರುಗೋಲಿಲ್ಲದೆ, ಒಬ್ಬ ಮನುಷ್ಯ ಯಾಕೆ ಮನೆ ಬಿಟ್ಟು ಅಲೆಯುತ್ತಾನೆ ಎಂಬುದು ಅಲ್ಲಿ ತಿಳಿಯುತ್ತದೆ. ಕನ್ನಡದಲ್ಲಿ ನಾನು ಕಂಡ ಅತ್ಯುತ್ತಮ ಹತ್ತು ನಿಮಿಷಗಳಲ್ಲಿ ಅದೂ ಒಂದು. ತೊಡಕು ಭಾಷೆಯದು. ಮಂಡ್ಯದ ಆಡುಮಾತು ನಮ್ಮ ಕಿವಿಗೆ ಮೊದಲ ಇಪ್ಪತ್ತು ನಿಮಿಷ ಒಗ್ಗುವುದಿಲ್ಲ. ಕನ್ನಡ ಚಿತ್ರಕ್ಕೆ ಅಡಿಬರಹ ಬೇಕಾಗಿ, ತೆಲುಗು ಚಿತ್ರಕ್ಕೆ ಬೇಡವಾಗುವ ಊರು ನಮ್ಮದು. ನಗಬೇಕೋ ಬೇಸರಪಡಬೇಕೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಎರಡನ್ನೂ ನೋಡುವವರು "ಬಲಗಂ" ಮೊದಲು, "ತಿಥಿ" ಆಮೇಲೆ ನೋಡಿ. ತಿರುಗಿಸಿದರೆ ಎರಡನೆಯದು ಸಪ್ಪಳ ಜಾಸ್ತಿ ಎನಿಸುತ್ತದೆ.

ಗಣಿಯ ಧೂಳು: "ಪೃಥ್ವಿ"ಯೋ, "ಕೆಜಿಎಫ್"ಓ?

ಈ ಹೋಲಿಕೆ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಬಳ್ಳಾರಿಯವರಿಗೆ ಕಾಣುವುದಿಲ್ಲ. 2010ರಲ್ಲಿ ಬಂದ "ಪೃಥ್ವಿ"ಯಲ್ಲಿ ಪುನೀತ್ ರಾಜ್‌ಕುಮಾರ್ ನಮ್ಮ ಜಿಲ್ಲಾಧಿಕಾರಿ. ಅಕ್ರಮ ಗಣಿಗಾರಿಕೆಯ ವಿರುದ್ಧ ನಿಲ್ಲುವ ಅಧಿಕಾರಿಯ ಕಥೆ. ನಿರ್ದೇಶಕ ಜೇಕಬ್ ವರ್ಗೀಸ್. ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ್ದು 2011ರ ಜುಲೈನಲ್ಲಿ. ಅಂದರೆ ಸಿನಿಮಾ ತೆರೆಯ ಮೇಲಿದ್ದಾಗ ಹೊರಗೆ ರಸ್ತೆಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿಯೇ ಇದ್ದವು. ಚಿತ್ರ ನೋಡಿ ಹೊರಬಂದು ಬೈಕಿನ ಸೀಟಿನ ಮೇಲಿನ ಕೆಂಪು ಧೂಳನ್ನು ಒರೆಸಿಕೊಂಡು ಮನೆಗೆ ಹೋದ ನೆನಪು ನನಗಿದೆ. ಯಾವ ತ್ರೀಡಿಯೂ ಕೊಡದ ಅನುಭವ.

ಆ ಸಿಡಿಯನ್ನು ಹೆಚ್ಚಾಗಿ ಒಯ್ದವರು ಲಾರಿ ಹುಡುಗರು. ಒಬ್ಬ ಮರಳಿಸುತ್ತಾ ಹೇಳಿದ: "ಚೆನ್ನಾಗಿದೆ ಅಣ್ಣ. ಆದರೆ ಲಾರಿಗಳ ಸಾಲು ಇಷ್ಟು ಚಿಕ್ಕದಿರುವುದಿಲ್ಲ." ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಆ ಚಿತ್ರದ ಬಗ್ಗೆ ನಾನು ಓದಿಲ್ಲ. ವಿಷಯ ನಿಜ, ಅಳತೆ ಕಮ್ಮಿ. ದ್ವಿತೀಯಾರ್ಧದಲ್ಲಿ ಜಿಲ್ಲಾಧಿಕಾರಿ ಕಡತ ಬಿಟ್ಟು ಕೈಯನ್ನೇ ನಂಬುತ್ತಾನೆ. ಹೊಡೆದಾಟವಿಲ್ಲದೆ ಪುನೀತ್ ಅಭಿಮಾನಿಗಳನ್ನು ಮನೆಗೆ ಕಳುಹಿಸಲಾಗದು ಎಂಬ ಲೆಕ್ಕ ಇದ್ದಿರಬಹುದು. ಆದರೆ ಮೊದಲರ್ಧದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಹೊಸ ಊರಿಗೆ ಬಂದು ಇಲ್ಲಿ ಯಾರು ಯಾರಿಗೆ ನಮಸ್ಕಾರ ಮಾಡುತ್ತಾರೆ ಎಂದು ಗಮನಿಸುವ ಭಾಗ ಇವತ್ತಿಗೂ ಹಳಸಿಲ್ಲ.

"ಕೆಜಿಎಫ್" ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ ಬಂತು. ಪ್ರಶಾಂತ್ ನೀಲ್ ಮತ್ತು ಯಶ್ ಸೇರಿ ಕನ್ನಡ ಚಿತ್ರಕ್ಕೆ ದೇಶದ ತುಂಬ ಪರದೆ ಸಿಗುವಂತೆ ಮಾಡಿದರು. ಅದನ್ನು ಯಾರೂ ಅಲ್ಲಗಳೆಯಲಾರರು. ಭುವನ್ ಗೌಡ ಅವರ ಕ್ಯಾಮೆರಾ, ರವಿ ಬಸ್ರೂರು ಅವರ ಸಂಗೀತ ಸೇರಿ ನರಾಚಿಯ ಗಣಿಯನ್ನು ನರಕದಂತೆಯೇ ಕಟ್ಟಿದ್ದಾರೆ. ಮೊದಲ ಭಾಗದಲ್ಲಿ ರಾಕಿ ಗಣಿಯೊಳಗೆ ಕಾಲಿಟ್ಟ ಮೇಲಿನ ಒಂದು ಗಂಟೆ ನನಗೆ ನಿಜಕ್ಕೂ ಇಷ್ಟ. ಅದಕ್ಕೆ ಮುಂಚಿನ ಮುಂಬೈ, ಬೆಂಗಳೂರಿನ ಭಾಗವನ್ನು ನೋಡುತ್ತಾ ನಾನು ಎರಡು ಸಲ ಎದ್ದು ನೀರು ಕುಡಿದೆ. ಎರಡನೆಯ ಭಾಗ ಇನ್ನೂ ದೊಡ್ಡದು, ಇನ್ನೂ ಜೋರು, ಹಾಗಾಗಿ ಇನ್ನೂ ಖಾಲಿ. ಪ್ರತಿಯೊಬ್ಬನೂ ಶಿಲಾಶಾಸನ ಕೆತ್ತಿಸುವವನಂತೆ ಮಾತನಾಡುತ್ತಾನೆ. ನಾಯಕಿಗೆ ಕೆಲಸವಿಲ್ಲ. ಗಣಿಯ ಸಾವಿರಾರು ಜನರಲ್ಲಿ ನಮಗೆ ನೆನಪಿರುವ ಹೆಸರುಗಳೆಷ್ಟು? ಮಸಿ ಮೆತ್ತಿಕೊಂಡು ನಾಯಕನನ್ನು ನೋಡಿ ಕಣ್ಣರಳಿಸುವುದಷ್ಟೇ ಅವರ ಪಾಲಿನ ಕೂಲಿ.

ಕೋಲಾರದ ನಿಜವಾದ ಗಣಿ 2001ರಲ್ಲೇ ಮುಚ್ಚಿತು. ಈಗಲೂ ಚಿನ್ನ ತೆಗೆಯುತ್ತಿರುವ ಗಣಿ ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿದೆ, ಲಿಂಗಸುಗೂರು ತಾಲ್ಲೂಕು. ಅಲ್ಲಿ ಪಾಳಿ ಮುಗಿಸಿ ಮೇಲೆ ಬರುವ ಕಾರ್ಮಿಕನ ಬುತ್ತಿಯಲ್ಲಿ ಏನಿರುತ್ತದೆ ಎಂದು ತೋರಿಸುವ ಒಂದು ಚಿತ್ರವನ್ನು ನಾನು ಕಾಯುತ್ತಿದ್ದೇನೆ.

ಆಯ್ಕೆ ಹೀಗೆ: ಮನೆಯಲ್ಲಿ ದೊಡ್ಡ ಟಿವಿ, ಒಳ್ಳೆಯ ಸ್ಪೀಕರ್, ಹದಿನೆಂಟರ ಹುಡುಗರು ಇದ್ದರೆ "ಕೆಜಿಎಫ್" ಮೊದಲ ಭಾಗ. ಮೊಬೈಲ್‌ನಲ್ಲಿ ನೋಡುವುದಾದರೆ ಅದನ್ನು ಮುಟ್ಟಲೇಬೇಡಿ. ಸದ್ದು ಸಣ್ಣದಾದರೆ ಅದರಲ್ಲಿ ಉಳಿಯುವುದು ಗಡ್ಡ ಮಾತ್ರ. ಮೊಬೈಲ್‌ಗೆ "ಪೃಥ್ವಿ" ಸಾಕು, ಮತ್ತು ನಮ್ಮ ಜಿಲ್ಲೆಯ ಬಗ್ಗೆ ಮಕ್ಕಳಿಗೆ ಹೇಳಲು ಒಂದು ನೆಪವೂ ಸಿಗುತ್ತದೆ.

ಒಂದೇ ವರ್ಷದ ಎರಡು ಹಳೆಯ ಚಿತ್ರಗಳು

1972ರಲ್ಲಿ "ಬಂಗಾರದ ಮನುಷ್ಯ" ಮತ್ತು "ನಾಗರಹಾವು" ಎರಡೂ ಬಂದವು. ಎರಡೂ ಕಾದಂಬರಿಯಿಂದ ಹುಟ್ಟಿದವು: ಮೊದಲನೆಯದು ಟಿ.ಕೆ. ರಾಮರಾವ್ ಅವರದು, ಎರಡನೆಯದು ತ.ರಾ.ಸು. ಅವರದು. ನನ್ನ ಅಂಗಡಿಯಲ್ಲಿ ಈ ಎರಡಕ್ಕೂ ಸದಾ ಬೇಡಿಕೆ. ಆದರೆ ಒಯ್ಯುವವರು ಬೇರೆ ಬೇರೆ. "ಬಂಗಾರದ ಮನುಷ್ಯ"ವನ್ನು ಕೇಳಿಕೊಂಡು ಬರುತ್ತಿದ್ದವರು ಕಾಲುವೆ ಕಡೆಯ ರೈತರು, ಸಂತೆಯ ದಿನ. ಬಂಡೆಗಲ್ಲಿನ ಭೂಮಿಯನ್ನು ಹಸಿರು ಮಾಡುವ ರಾಜೀವನಿಗಿಂತ, ಕೊನೆಯಲ್ಲಿ ತಟ್ಟೆಯ ಮುಂದಿನಿಂದ ಎದ್ದು ಯಾರಿಗೂ ಹೇಳದೆ ಹೊರಟುಹೋಗುವ ರಾಜೀವನೇ ಅವರಿಗೆ ಹತ್ತಿರ. ಸಾಕಿದವರ ಕೈಯಲ್ಲೇ ಅನ್ನದ ಲೆಕ್ಕ ಕೇಳಿಸಿಕೊಂಡವರು ಪ್ರತಿ ಊರಿನಲ್ಲಿಯೂ ಇರುತ್ತಾರೆ.

ಹಿರಿಯರ ಜೊತೆ ನೋಡುವುದಾದರೆ ಇದನ್ನೇ ಹಾಕಿ. ಸಿದ್ಧಲಿಂಗಯ್ಯನವರ ನಿರೂಪಣೆ ನೇರ, ಹಾಡುಗಳು ಅವ್ವನಿಗೆ ಬಾಯಿಗೆ ಬರುತ್ತವೆ, ಬಾಲಕೃಷ್ಣ ಅವರ ರಾಚೂಟಪ್ಪ ಬಂದಾಗಲೆಲ್ಲ ಮನೆ ಹಗುರಾಗುತ್ತದೆ. ರಾಜೀವನಿಗೆ ಒಂದೂ ದೋಷವಿಲ್ಲದಿರುವುದು ನನಗೆ ಕಿರಿಕಿರಿ. ಈ ಮಾತನ್ನು ಅಂಗಡಿಯಲ್ಲಿ ಜೋರಾಗಿ ಹೇಳಿ ಒಮ್ಮೆ ಒಬ್ಬ ಗಿರಾಕಿಯನ್ನು ಕಳೆದುಕೊಂಡಿದ್ದೇನೆ.

"ನಾಗರಹಾವು" ದೋಷಗಳ ಚಿತ್ರ, ಹಾಗಾಗಿ ನನ್ನ ಓಟು ಇದಕ್ಕೆ. ಪ್ರಾಂಶುಪಾಲರನ್ನು ಕಂಬಕ್ಕೆ ಕಟ್ಟಿಹಾಕುವ ರಾಮಾಚಾರಿ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಆದರೆ ಪುಟ್ಟಣ್ಣ ಕಣಗಾಲರ ನಿಜವಾದ ಧೈರ್ಯ ಚಾಮಯ್ಯ ಮೇಷ್ಟ್ರ ಪಾತ್ರದಲ್ಲಿದೆ. ಕೆ.ಎಸ್. ಅಶ್ವತ್ಥ್ ಅವರ ಆ ಮೃದು ದನಿಗೆ ಮರುಳಾಗಿ ನಾವು ಮೇಷ್ಟ್ರನ್ನು ದೇವರೆಂದುಕೊಳ್ಳುತ್ತೇವೆ. ಅಲಮೇಲುವನ್ನು ಬಿಟ್ಟುಕೊಡು ಎಂದು ಶಿಷ್ಯನಿಂದ ಮಾತು ತೆಗೆದುಕೊಂಡವರು ಅವರೇ. ಆ ಮಾತಿನಿಂದ ಹಾಳಾದದ್ದು ಎರಡು ಬದುಕು. ಹತ್ತನೆಯ ಸಲ ನೋಡಿದಾಗ ನನಗೆ ಇದು ಹೊಳೆಯಿತು. ಮಾರ್ಗರೆಟ್‌ಳನ್ನು ದಾರಿಯಲ್ಲಿ ಅಡ್ಡಗಟ್ಟುವ ದೃಶ್ಯಗಳು ಇಂದು ನೋಡಲು ಮುಜುಗರ ತರುತ್ತವೆ. ಹರೆಯದ ಮಕ್ಕಳ ಜೊತೆ ಕೂತಾಗ ರಿಮೋಟ್ ಒತ್ತಿ ದಾಟಿಸುವ ಬದಲು ಆ ಮುಜುಗರವನ್ನು ಅವರೆದುರೇ ಹೇಳಿಬಿಡಿ.

"ಮುಂಗಾರು ಮಳೆ"ಯೋ, "ದುನಿಯಾ"ವೋ?

ಎರಡು ತಿಂಗಳ ಅಂತರದಲ್ಲಿ ಬಂದವು, 2006ರ ಕೊನೆ ಮತ್ತು 2007ರ ಫೆಬ್ರುವರಿ. ಯೋಗರಾಜ್ ಭಟ್ಟರ ಚಿತ್ರದ ಸಿಡಿ ಸವೆದು ಮೂರು ಸಲ ಹೊಸದು ತರಿಸಿದೆ. ನಮ್ಮ ಬಿಸಿಲೂರಿನಲ್ಲಿ ಅಷ್ಟೊಂದು ಮಳೆಯನ್ನು ಹತ್ತು ರೂಪಾಯಿಗೆ ಯಾರು ಕೊಡುತ್ತಾರೆ? ಈಗ ನೋಡಿದರೆ ಗಣೇಶನ ಮಾತು ಸ್ವಲ್ಪ ಅತಿ ಎನಿಸುತ್ತದೆ, ಮೊಲ ಮಾತ್ರ ಹಾಗೆಯೇ ಮುದ್ದಾಗಿದೆ. "ದುನಿಯಾ"ದಲ್ಲಿ ತಾಯಿಗೆ ಸಮಾಧಿ ಕಟ್ಟಲು ದುಡ್ಡು ಹುಡುಕಿಕೊಂಡು ಪೇಟೆಗೆ ಬರುವ ಕಲ್ಲು ಒಡೆಯುವ ಹುಡುಗನನ್ನು ಸೂರಿ ಕರುಣೆಯಿಲ್ಲದೆ ತೋರಿಸಿದ್ದಾರೆ. ಮೊದಲನೆಯದು ಹಾಡಿಗೆ, ಎರಡನೆಯದು ಕಥೆಗೆ. ಊಟದ ಹೊತ್ತಿನಲ್ಲಿ "ದುನಿಯಾ" ಬೇಡ.

ಒಂದೇ ಕಥೆ, ಮೂರು ಭಾಷೆ

ಮಲಯಾಳದ "ದೃಶ್ಯಂ" 2013ರ ಡಿಸೆಂಬರ್‌ನಲ್ಲಿ ಬಂತು. ಮರುವರ್ಷವೇ ರವಿಚಂದ್ರನ್ ನಟಿಸಿದ ಕನ್ನಡದ "ದೃಶ್ಯ", ವೆಂಕಟೇಶ್ ನಟಿಸಿದ ತೆಲುಗಿನದು. ನಾಯಕ ಕೇಬಲ್ ಟಿವಿ ನಡೆಸುವವನು. ಅಂಗಡಿಯಲ್ಲಿ ಕೂತು ನೋಡಿದ ಸಿನಿಮಾಗಳೇ ಅವನ ವಿದ್ಯೆ. ನಮ್ಮ ಕಸುಬಿನವನೊಬ್ಬ ಪೊಲೀಸರಿಗೇ ನೀರು ಕುಡಿಸುವ ಚಿತ್ರವನ್ನು ನಾನು ನಿಷ್ಪಕ್ಷಪಾತವಾಗಿ ನೋಡಲಾರೆ, ಕ್ಷಮಿಸಿ.

ಆದರೂ ಹೇಳುತ್ತೇನೆ: ಮೂಲವನ್ನೇ ನೋಡಿ, ಅಡಿಬರಹದ ಜೊತೆ. ಮೋಹನ್‌ಲಾಲ್ ಅವರ ಜಾರ್ಜ್‌ಕುಟ್ಟಿ ಮೊದಲ ಒಂದು ಗಂಟೆ ಜಿಪುಣ ಅಪ್ಪನಾಗಿಯೇ ಇರುತ್ತಾನೆ, ಅದಕ್ಕೇ ಆಮೇಲಿನ ಚಾಣಾಕ್ಷತನ ಚುಚ್ಚುತ್ತದೆ. ರವಿಚಂದ್ರನ್ ಅವರನ್ನು ನೋಡಿದ ಕೂಡಲೇ ನಮಗೆ ಹಾಡು, ಹೂವು, ಹಣ್ಣು ನೆನಪಾಗಿಬಿಡುತ್ತವೆ. ಅದು ಅವರ ತಪ್ಪಲ್ಲ, ನಮ್ಮ ಇಪ್ಪತ್ತು ವರ್ಷಗಳ ಅಭ್ಯಾಸ. ಅವರು ಇಲ್ಲಿ ತಮ್ಮನ್ನು ತಾವೇ ತಡೆಹಿಡಿದು ನಟಿಸಿದ್ದಾರೆ. ಅಡಿಬರಹ ಓದಲಾಗದ ಹಿರಿಯರು ಮನೆಯಲ್ಲಿದ್ದರೆ ಕನ್ನಡದ್ದೇ ಸರಿ. ವೆಂಕಟೇಶ್ ಅವರದ್ದನ್ನು ಮೂರನೆಯದಾಗಿ ಇಟ್ಟುಕೊಳ್ಳಿ.

ಡಬ್ಬಿಂಗ್ ಬಗ್ಗೆ ಒಂದು ಮಾತು. ಕನ್ನಡಕ್ಕೆ ಡಬ್ ಆದ ಪರಭಾಷಾ ಚಿತ್ರಗಳು ಈಗ ಬೇಕಾದಷ್ಟಿವೆ. ನಾನು ಅದರ ವಿರೋಧಿಯಲ್ಲ. ಆದರೆ ಹೆಚ್ಚಿನವುಗಳಲ್ಲಿ ಹಳ್ಳಿಯವನು, ಮಂತ್ರಿ, ಕಳ್ಳ, ಅಜ್ಜಿ ಎಲ್ಲರೂ ಒಂದೇ ಬಗೆಯ ಬೆಂಗಳೂರು ಕನ್ನಡ ಆಡುತ್ತಾರೆ. ಹಾಸ್ಯ ಚಿತ್ರವನ್ನು ಡಬ್ಬಿಂಗ್‌ನಲ್ಲಿ ನೋಡಬೇಡಿ. ಹೊಡೆದಾಟದ ಚಿತ್ರವನ್ನು ಧಾರಾಳವಾಗಿ ನೋಡಿ. ಗುದ್ದಿಗೆ ಭಾಷೆಯಿಲ್ಲ.

ಧಾರಾವಾಹಿಗಳ ಸರದಿ

ಸಂಜೆ ಆರೂವರೆಯಿಂದ ಹತ್ತರವರೆಗೆ ನಮ್ಮ ಮನೆಯ ರಿಮೋಟ್ ಅವ್ವನ ಸೆರಗಿನಲ್ಲಿರುತ್ತದೆ. ಹಾಗಾಗಿ ನಾನು ನೋಡದ ಧಾರಾವಾಹಿ ಕಡಿಮೆ.

"ಕನ್ನಡತಿ" ಮತ್ತು "ಪುಟ್ಟಕ್ಕನ ಮಕ್ಕಳು", ಇವೆರಡರಲ್ಲಿ ಹಳೆಯ ಕಂತುಗಳನ್ನು ಕೂತು ನೋಡುವುದಾದರೆ ಯಾವುದು ಎಂದು ಅತ್ತಿಗೆ ಕೇಳಿದ್ದರು. 2020ರಿಂದ 2023ರವರೆಗೆ ಬಂದ "ಕನ್ನಡತಿ"ಯಲ್ಲಿ ನಾಯಕಿ ಕನ್ನಡ ಕಲಿಸುವ ಮೇಷ್ಟ್ರಮ್ಮ. ಕಂತಿನ ಕೊನೆಗೆ ಬರುತ್ತಿದ್ದ "ಸರಿಗನ್ನಡಂ ಗೆಲ್ಗೆ"ಯಲ್ಲಿ ನಾವು ತಪ್ಪಾಗಿ ಬಳಸುವ ಪದಗಳನ್ನು ತಿದ್ದುತ್ತಿದ್ದರು. ಕಥೆ ಎಳೆದಾಡುವಾಗಲೂ ನಾನು ಆ ಒಂದು ನಿಮಿಷಕ್ಕಾಗಿ ಕಾಯುತ್ತಿದ್ದೆ. ಮಾತು ಸಭ್ಯ, ಕೆಟ್ಟವರೂ ಒಮ್ಮೊಮ್ಮೆ ಯೋಚಿಸುತ್ತಾರೆ. ಆಸ್ತಿಯ ಒಳಸಂಚು ಶುರುವಾದ ಮೇಲೆ ಅದೂ ಉಳಿದವುಗಳ ದಾರಿ ಹಿಡಿಯಿತು.

"ಪುಟ್ಟಕ್ಕನ ಮಕ್ಕಳು" ಉಮಾಶ್ರೀಯವರ ಹೆಗಲ ಮೇಲೆ ನಿಂತದ್ದು. ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸುವ ಕಥೆಯನ್ನು ಅವ್ವ ಸುದ್ದಿಯಂತೆ ನೋಡುತ್ತಿದ್ದಳು. ಸ್ನೇಹಾ ಪಾತ್ರವನ್ನು ಸಾಯಿಸಿದ ವಾರ ಮನೆಯಲ್ಲಿ ಸೂತಕ. "ಅಷ್ಟು ಓದಿದ ಹುಡುಗಿಯನ್ನು ಕೊಲ್ಲುವುದಕ್ಕೆ ಇವರಿಗೆ ಮನಸ್ಸಾದರೂ ಹೇಗೆ ಬಂತಪ್ಪ?" ಎಂದು ನನ್ನನ್ನೇ ಕೇಳಿದಳು, ನಾನೇ ಬರೆದವನ ಹಾಗೆ. ಅಲ್ಲಿಗೆ ನಿಲ್ಲಿಸಿ ಎಂಬುದು ನನ್ನ ಸಲಹೆ. ಅವ್ವ ನಿಲ್ಲಿಸಲಿಲ್ಲ.

ಉಮಾಶ್ರೀಯವರನ್ನು ಇಷ್ಟಪಡುವವರು ಒಂದು ಸಂಜೆ ಧಾರಾವಾಹಿ ಬಿಟ್ಟು ಗಿರೀಶ್ ಕಾಸರವಳ್ಳಿಯವರ "ಗುಲಾಬಿ ಟಾಕೀಸ್" ನೋಡಿ. ವೈದೇಹಿಯವರ ಕಥೆಯನ್ನು ಆಧರಿಸಿದ, ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಕರಾವಳಿಯ ಸೂಲಗಿತ್ತಿಯೊಬ್ಬಳ ಮನೆಗೆ ಡಿಶ್ ಆಂಟೆನಾದ ಟಿವಿ ಬರುತ್ತದೆ, ಹೆಂಗಸರೆಲ್ಲ ಅಲ್ಲಿ ಸೇರತೊಡಗುತ್ತಾರೆ, ಊರು ಬದಲಾಗುತ್ತದೆ. ಟಿವಿ ನೋಡುವ ಹೆಂಗಸರ ಬಗ್ಗೆ ಗೇಲಿಯಿಲ್ಲದೆ ತೆಗೆದ ಚಿತ್ರ. ಅವ್ವ ಪೂರ್ತಿ ನೋಡಿ, "ಇವಳು ನಮ್ಮ ಪುಟ್ಟಕ್ಕನೇ ಏನು?" ಎಂದು ಕೇಳಿ ಸುಮ್ಮನಾದಳು. ಮರುದಿನ ಮತ್ತೆ ಹಾಕು ಎಂದಳು. ನನ್ನ ಲೆಕ್ಕದಲ್ಲಿ ಐದು ರೂಪಾಯಿ ದಂಡ.

ನಗುವುದಕ್ಕೆ "ಸಿಲ್ಲಿ ಲಲ್ಲಿ"ಯೋ, "ಪಾಪ ಪಾಂಡು"ವೋ ಎಂದರೆ "ಸಿಲ್ಲಿ ಲಲ್ಲಿ". ವಿಠಲ್ ರಾವ್ ಡಾಕ್ಟರ ದವಾಖಾನೆಗೆ ದಿನಕ್ಕೊಬ್ಬ ಹೊಸ ರೋಗಿ ಬರುತ್ತಾನೆ, ಅದಕ್ಕೇ ಬೇಸರವಾಗುವುದಿಲ್ಲ. ಪಾಂಡುವಿನದು ಹೆಂಡತಿಯ ಕೈಯಲ್ಲಿ ಪೆಟ್ಟು ತಿನ್ನುವ ಒಂದೇ ಹಾಸ್ಯ. ನಾಲ್ಕು ಕಂತು ಸಾಕು.

ವೆಬ್ ಸರಣಿ: ಎಷ್ಟು ಹೊತ್ತು ಇದೆ ನಿಮ್ಮ ಬಳಿ?

ಇಲ್ಲಿ ನನ್ನ ಮೊದಲ ಪ್ರಶ್ನೆ ಕಂತುಗಳ ಸಂಖ್ಯೆ. "ಗೇಮ್ ಆಫ್ ಥ್ರೋನ್ಸ್" ಎಪ್ಪತ್ತ ಮೂರು ಕಂತು. ಎಂಟನೆಯ ಸರಣಿಯಲ್ಲಿ ಬರಹಗಾರರೇ ಬಸ್ಸಿಗೆ ತಡವಾದವರ ಹಾಗೆ ಓಡಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಹಾಕುವಂಥದ್ದೂ ಅಲ್ಲ. ಅಣುಸ್ಥಾವರ ದುರಂತದ ಕಥೆ ಹೇಳುವ, ಐದೇ ಕಂತಿನ "ಚೆರ್ನೋಬಿಲ್" ಅದಕ್ಕಿಂತ ಹೆಚ್ಚು ಹೆದರಿಸುತ್ತದೆ, ಒಂದೂ ದೆವ್ವವಿಲ್ಲದೆ. ಹತ್ತಿರದಲ್ಲಿ ಉಷ್ಣ ವಿದ್ಯುತ್ ಸ್ಥಾವರ ಇರುವ ನಮ್ಮಂಥವರಿಗೆ, ಅದು ಬೇರೆ ಬಗೆಯ ಸ್ಥಾವರವೇ ಆದರೂ, ಮೇಲಧಿಕಾರಿಗೆ ಕೆಟ್ಟ ಸುದ್ದಿ ಮುಟ್ಟಿಸಲು ಹೆದರುವ ಆ ಮುಖಗಳು ಅಪರಿಚಿತವಲ್ಲ.

ಹಿಂದಿ ಗೊತ್ತಿದ್ದರೆ "ಪಂಚಾಯತ್". ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಕಾರ್ಯದರ್ಶಿಯಾಗಿ ಬರುವ ಪೇಟೆ ಹುಡುಗನ ಕಥೆ. ಅಧ್ಯಕ್ಷೆ ಹೆಂಡತಿ, ಅಧಿಕಾರ ಗಂಡನದು. ಇದು ನಮ್ಮ ಯಾವ ತಾಲ್ಲೂಕಿಗೂ ಹೊಸ ಸುದ್ದಿಯಲ್ಲ. ಕೆಲವರು ಇದನ್ನು ಶಂಕರ್ ನಾಗ್ ಅವರ "ಮಾಲ್ಗುಡಿ ಡೇಸ್"ಗೆ ಹೋಲಿಸುತ್ತಾರೆ. ಆಗುಂಬೆಯಲ್ಲಿ ತೆಗೆದ ಆ ಸರಣಿಯಲ್ಲಿ ಪ್ರತಿ ಕಥೆಯೂ ತನ್ನಷ್ಟಕ್ಕೆ ಮುಗಿಯುತ್ತದೆ, ಯಾವ ದಿನ ಯಾವುದನ್ನು ನೋಡಿದರೂ ನಡೆಯುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಎರಡನೆಯ ಯೋಚನೆ ಬೇಡ, ಸ್ವಾಮಿ ಎಂಬ ಹುಡುಗನ ಕಂತುಗಳಿಂದ ಶುರು ಮಾಡಿ. "ಪಂಚಾಯತ್" ಮೊದಲ ಸರಣಿ ಎಂಟು ಕಂತು: ಶನಿವಾರ ರಾತ್ರಿ ನಾಲ್ಕು, ಭಾನುವಾರ ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ನಾಲ್ಕು. ಎರಡನೆಯ ಸರಣಿಯ ಕೊನೆಯ ಕಂತನ್ನು ಮಾತ್ರ ತಿಂಡಿಯ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಗಂಟಲಲ್ಲಿ ಏನೂ ಇಳಿಯುವುದಿಲ್ಲ. ಮೂರನೆಯದರಿಂದ ಚುನಾವಣೆಯ ಗದ್ದಲ ಹೆಚ್ಚಾಗಿದೆ. ಅದನ್ನು ನೋಡಲು ಹಣ ಕಟ್ಟಬೇಕಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು.